ಗಿಲ್ಬರ್ಟ್ ಸಾಹೇಬರ ಪಂಚನಾಮೆ

ಕಾರ್ಬನ್ ಪೇಪರನ್ನು ನೀವು ಕೊನೆಯ ಸಲ ಮುಟ್ಟಿದ್ದು ಯಾವಾಗ? ನಾನು ಮುಟ್ಟಿದ್ದು ಮೊನ್ನೆ ಶನಿವಾರ. ಮಗಳ ವ್ಯಾಕ್ಸಿನ್ ಕಾರ್ಡು ಹುಡುಕಲು ಡ್ರಾಯರಿಗೆ ಕೈ ಹಾಕಿದರೆ ಬೆರಳ ತುಂಬ ನೀಲಿ ಹತ್ತಿತು. ಅಮೆರಿಕದ ಈ ಪ್ಲೇನ್ಸ್‌ಬರೋದ ಅಷ್ಟೂ ಅಪಾರ್ಟ್‌ಮೆಂಟುಗಳಲ್ಲಿ ಒಂದು ಕಟ್ಟು ಕಾರ್ಬನ್ ಪೇಪರ್ ಇರುವ ಮನೆ ನಮ್ಮದೊಂದೇ ಇರಬೇಕು. ಅಪ್ಪ ಧಾರವಾಡದಿಂದ ಬರುವಾಗ ಒಂದು ಸೂಟ್‌ಕೇಸಿನಲ್ಲಿ ಶೇಂಗಾ ಚಟ್ನಿಯನ್ನೂ ಕಟಕ ರೊಟ್ಟಿಯನ್ನೂ, ಇನ್ನೊಂದರಲ್ಲಿ ಧೋತರಗಳ ನಡುವೆ ಇದನ್ನೂ ತಂದಿದ್ದರು. ಯಾಕಪ್ಪಾ ಎಂದರೆ, "ನಿಮ್ಮ ದೇಶದಾಗ ಸಿಗ್ತದೋ ಇಲ್ಲೋ" ಎಂದಿದ್ದರು. ಸಿಗದಿದ್ದರೆ ಏನು ಮುಳುಗಿಹೋಗುತ್ತಿತ್ತು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಮೇಲಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದರಲ್ಲಿ ಅಪ್ಪನ ಬಾಲ್‌ಪೆನ್ನಿನ ಗುರುತುಗಳು ಇನ್ನೂ ಇದ್ದವು. 'ಒಲೆ', 'ಮಾತ್ರೆ ಡಬ್ಬಿ', 'ಫ್ರೀಜರಿನಲ್ಲಿ ಕನ್ನಡಕ'. ಅದು ಗಿಲ್ಬರ್ಟ್ ಸಾಹೇಬರ ಪಂಚನಾಮೆ. ವ್ಯಾಕ್ಸಿನ್ ಕಾರ್ಡು ಅಲ್ಲಿಗೇ ಉಳಿಯಿತು, ನಾನು ನೆಲದ ಮೇಲೆ ಕೂತೆ.

ಮೊದಲು ಅಪ್ಪನ ವಿಷಯ ಹೇಳಿಬಿಡುತ್ತೇನೆ. ಅಪ್ಪ ರಿಟೈರ್ಡ್ ತಹಶೀಲ್ದಾರರು. ಕಚೇರಿ ಬಿಟ್ಟು ಇಪ್ಪತ್ತಕ್ಕೂ ಹೆಚ್ಚು ವರ್ಷ ಆಗಿದ್ದರೂ ಕಚೇರಿ ಅವರನ್ನು ಬಿಟ್ಟಿಲ್ಲ. ನಾನು ಸಣ್ಣವಳಿದ್ದಾಗ ನಮ್ಮ ಮನೆ ಅಂದರೆ ತಾಲೂಕು ಕಚೇರಿಯ ಹಿಂದಿನ ಕೋಣೆ ಅಂತಲೇ ಲೆಕ್ಕ. ಅವ್ವ ತವರಿಗೆ ಹೋಗುತ್ತೇನೆಂದರೆ "ಎಷ್ಟು ದಿನದ ರಜಾ?" ಎಂದು ಕೇಳುತ್ತಿದ್ದರು. ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ಬೇರೆಯವರ ಅಪ್ಪಂದಿರು ಬರೀ ಸಹಿ ಮಾಡಿದರೆ, ನಮ್ಮಪ್ಪ 'ಪರಿಶೀಲಿಸಲಾಯಿತು, ಗಣಿತದಲ್ಲಿ ಪ್ರಗತಿ ಸಾಲದು' ಎಂದು ಷರಾ ಬರೆಯುತ್ತಿದ್ದರು. ಕಚೇರಿಯಿಂದ ಮನೆಗೆ ಬರುತ್ತಿದ್ದ ಒಂದೇ ಐಶ್ವರ್ಯವೆಂದರೆ ಸವೆದ ಕಾರ್ಬನ್ ಪೇಪರ್. ನಾನೂ ನನ್ನ ತಮ್ಮನೂ ಅದರಿಂದ ಮೀಸೆ ಬರೆದುಕೊಂಡು ಸಾಹೇಬರ ಆಟ ಆಡುತ್ತಿದ್ದೆವು. ಆ ಮೀಸೆ ಮೂರು ದಿನ ಹೋಗುತ್ತಿರಲಿಲ್ಲ.

ಒಮ್ಮೆ ತಮ್ಮ ಪಕ್ಕದ ಮನೆಯ ಕಿಟಕಿ ಗಾಜು ಒಡೆದ. ಬೇರೆ ಮನೆಯಲ್ಲಾಗಿದ್ದರೆ ಎರಡು ಬಿಗಿದು ಮುಗಿಸುತ್ತಿದ್ದರು. ಅಪ್ಪ ಬಿಗಿಯಲಿಲ್ಲ. ಚೆಂಡು ಎಲ್ಲಿಂದ ಹೊರಟಿತು, ಎಲ್ಲಿ ಬಿತ್ತು ಎಂದು ಟೇಪು ಹಿಡಿದು ಅಳೆದರು. ನನ್ನ ಹೇಳಿಕೆ, ಅವನ ಹೇಳಿಕೆ, ಅಂಗಳದಲ್ಲಿ ಶಾವಿಗೆ ಒಣಗಿಸುತ್ತಿದ್ದ ಅವ್ವನ ಹೇಳಿಕೆ ಬರೆದುಕೊಂಡರು. ಕೊನೆಗೆ 'ಓದಿ ಹೇಳಲಾಗಿ ಸರಿಯಿದೆ ಎಂದು ಒಪ್ಪಿದ್ದಾನೆ' ಎಂಬುದರ ಕೆಳಗೆ ಎರಡನೇ ಇಯತ್ತೆಯ ಹುಡುಗನ ಸಹಿ ಹಾಕಿಸಿದರು. ಎರಡು ಏಟು ಕೊಟ್ಟಿದ್ದರೆ ಒಳ್ಳೇದಿತ್ತು ಎಂದು ಅವನು ಈಗಲೂ ಹುಬ್ಬಳ್ಳಿಯಲ್ಲಿ ಕೂತು ಹೇಳುತ್ತಾನೆ. ನಾನಾದರೂ ಏನು ಕಡಿಮೆ? ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇಪ್ಪತ್ತೈದು ವರ್ಷ ಕಳೆದಿದ್ದೇನೆ, ಇನ್ನೊಬ್ಬರ ತಪ್ಪು ಹುಡುಕಿ ನಂಬರು ಹಾಕಿ ಬರೆದಿಡುವುದಕ್ಕೇ ನನಗೆ ಸಂಬಳ. ಅಪ್ಪನ ರಕ್ತ, ಎಲ್ಲಿ ಹೋಗುತ್ತದೆ!

ಅಪ್ಪ ಬಂದ ಮೂರನೇ ದಿನ ಬೆಳಿಗ್ಗೆ ವಾಕಿಂಗ್ ಹೋದವರು ಓಡೋಡಿ ಬಂದರು. "ಏ ಯವ್ವಾ, ಲಗೂನ ಬಾ. ಕೆಳಗ ಒಬ್ಬ ಸಾಹೇಬ ಮಳಿ ಅಳೀಲಿಕ್ಹತ್ತ್ಯಾನ!"

ನೋಡಿದರೆ, ಹಿಂದಿನ ಬಿಲ್ಡಿಂಗಿನ ನೆಲಮಹಡಿಯ ಪ್ಯಾಟಿಯೋ ಮುಂದೆ, ಹುಲ್ಲಿನ ಮೇಲೆ ಬಗ್ಗಿದ್ದ ಬೆಳ್ಳಗಿನ ಮುದುಕ. ಕೈಯಲ್ಲಿ ಗಾಜಿನ ಅಳತೆ ಕೊಳವೆ, ಕಾಲ ಬಳಿ ಹಿತ್ತಾಳೆಯ ಮಳೆಮಾಪಕ. ಆ ಮನುಷ್ಯನ ಪಕ್ಕ ನಾನು ನಾಲ್ಕು ವರ್ಷದಿಂದ ಕಾರು ನಿಲ್ಲಿಸುತ್ತಿದ್ದೆ. ಸ್ವಲ್ಪ ತಲೆ ಕೆಟ್ಟವರಿರಬೇಕು ಎಂದುಕೊಂಡು 'ಹಾಯ್' ಅನ್ನುವುದಕ್ಕಿಂತ ಹೆಚ್ಚಿಗೆ ಮಾತಾಡಿರಲಿಲ್ಲ. ಅಪ್ಪ ನೆಟ್ಟಗೆ ಹೋಗಿ, ತಮ್ಮ ಕಂದಾಯ ಇಲಾಖೆಯ ಇಂಗ್ಲಿಷಿನಲ್ಲಿ, ನಿನ್ನೆ ಎಷ್ಟು ಮಿಲಿಮೀಟರ್ ಬಿತ್ತು ಸಾರ್ ಎಂದು ಕೇಳಿದರು. ಮುದುಕ ಸೊಂಟ ನೆಟ್ಟಗೆ ಮಾಡಿ ಅಂಕಿ ಹೇಳಿ, ತಾವು ಇಂಚಿನಲ್ಲಿ ಬರೆಯುವುದು ಎಂದರು. ಆಮೇಲೆ ನಲವತ್ತು ನಿಮಿಷ ಇಬ್ಬರೂ ಅಲ್ಲೇ ನಿಂತರು. ನನಗೆ ಎಂಟೂವರೆಗೆ ಮೀಟಿಂಗಿತ್ತು.

ಗಿಲ್ಬರ್ಟ್ ಸಾಹೇಬರಿಗೆ ತೊಂಬತ್ತೆರಡು ವರ್ಷ. ಇಪ್ಪತ್ತೆರಡರಲ್ಲಿ ಬ್ರಿಟಿಷ್ ಸರಕಾರ ಅವರನ್ನು ಟಾಂಗನೀಕಾಕ್ಕೆ ಜಿಲ್ಲಾ ಅಧಿಕಾರಿಯಾಗಿ ಕಳಿಸಿತ್ತು. ಆ ದೇಶ ಈಗ ಟಾಂಜಾನಿಯಾ. ಅವರು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ, ಅಪ್ಪ ಮುಂಬೈಯನ್ನು ಬಾಂಬೆ ಅನ್ನುವುದನ್ನು ಬಿಡದ ಹಾಗೆ. ಓದಿದ್ದು ಲ್ಯಾಟಿನ್ ಮತ್ತು ಗ್ರೀಕ್. ಮಾಡಿದ್ದು ದನದ ಜಗಳ ತೀರಿಸುವುದು, ರಸ್ತೆ ಹಾಕಿಸುವುದು, ಮಿಡತೆ ಓಡಿಸುವುದು, ಮಾವಿನ ಮರದ ಕೆಳಗೆ ಊರಿನವರ ಸಭೆ ಸೇರಿಸಿ ನೀವೆಲ್ಲ ಹೇಗಿರಬೇಕು ಎಂದು ಹೇಳುವುದು.

"ಲ್ಯಾಟಿನ್ ಓದಿದ ಇಪ್ಪತ್ತೆರಡರ ಹುಡುಗ ಅದಕ್ಕೆಲ್ಲ ತಯಾರಿದ್ದಾನಾ ಅಂತ ಯಾರೂ ಕೇಳಲಿಲ್ಲವೇ?" ಎಂದು ಒಂದು ದಿನ ಕೇಳಿದೆ.

"ಆ ಪ್ರಶ್ನೆ ಕೇಳೋದು ನನ್ನ ಕೆಲಸವಾಗಿತ್ತು," ಎಂದರು. ಅವರದು ಇಂಗ್ಲಿಷು, ನಾನು ನಮ್ಮ ಮಾತಿನಲ್ಲಿ ಹೇಳುತ್ತಿದ್ದೇನೆ.

ನಿಜಕ್ಕೂ ಅದೇ ಅವರ ಕೆಲಸವಾಗಿತ್ತಂತೆ. ಈ ಜನ ತಮ್ಮನ್ನು ತಾವೇ ಆಳಿಕೊಳ್ಳುವುದಕ್ಕೆ ತಯಾರಾಗಲು ಇನ್ನೂ ಎಷ್ಟು ವರ್ಷ ಬೇಕು ಎಂದು ಪ್ರತಿ ವರ್ಷ ರಾಜಧಾನಿಯಿಂದ ಕೇಳುತ್ತಿದ್ದರು. ಮೊದಲ ವರ್ಷ ಸಾಹೇಬರು ಇಪ್ಪತ್ತೈದು ಎಂದು ಬರೆದರು. ಮರುವರ್ಷವೂ ಇಪ್ಪತ್ತೈದು ಎಂದೇ ಬರೆದರು.

"ಒಂದು ವರ್ಷ ಕಳೆದಿತ್ತಲ್ಲ, ಇಪ್ಪತ್ನಾಲ್ಕು ಆಗಬೇಕಿತ್ತಲ್ಲ?" ಎಂದೆ.

"ಮೇಲಿನವರೂ ಗಮನಿಸಲಿಲ್ಲ," ಎಂದರು.

ಕೆಲಸಕ್ಕೆ ಸೇರುವಾಗ ಹಿರಿಯ ಅಧಿಕಾರಿಯೊಬ್ಬ, ಹುಡುಗಾ, ಮೂವತ್ತೈದು ವರ್ಷ ಆರಾಮಾಗಿರು, ಆಮೇಲೆ ಬಿರುದು ಬಾವಲಿ ಎಲ್ಲ ಉಂಟು ಎಂದಿದ್ದನಂತೆ. ಆರನೇ ವರ್ಷಕ್ಕೆ, ಇನ್ನೇನು ಸ್ವಾತಂತ್ರ್ಯ ಕೊಡುತ್ತಿದ್ದೇವೆ, ನಿಮ್ಮ ಜಾಗಕ್ಕೆ ಸ್ಥಳೀಯನೊಬ್ಬನನ್ನು ತರಬೇತು ಮಾಡಿ ಎಂದು ಸುತ್ತೋಲೆ ಬಂತು. ಇಪ್ಪತ್ತೈದು ವರ್ಷದ ಪಾಠವನ್ನು ಕೆಲವೇ ತಿಂಗಳಲ್ಲಿ ಮುಗಿಸಬೇಕು. ಸ್ಥಳೀಯ ಎಂದು ಸಿಕ್ಕವರು ಅದೇ ಕಚೇರಿಯ ಹೆಡ್ ಕ್ಲಾರ್ಕ್.

"ನಾನು ಹೇಳಿಕೊಟ್ಟದ್ದನ್ನೆಲ್ಲ ಆತ ಬಹಳ ವಿನಯದಿಂದ ಕೇಳಿಸಿಕೊಂಡ. ಎಲ್ಲಾ ನಾನು ಹೊಸದಾಗಿ ಬಂದಾಗ ಅವನೇ ನನಗೆ ಕಲಿಸಿದ್ದು."

ಅಪ್ಪ ಸಾಹೇಬರ ಮನೆ ಮುಂದಿನ ಬೆಂಚಿನ ಮೇಲೆ ಕೂತು ತೊಡೆ ತಟ್ಟಿಕೊಂಡು ನಕ್ಕರು. "ಎಲ್ಲಾ ಕಡೆ ಹಂಗ ಬಿಡ್ರಿ! ನನ್ನೂ ತಯಾರ ಮಾಡಿದಾಂವ ನಮ್ಮ ಶಿರಸ್ತೇದಾರ." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿ ಇನ್ನೊಮ್ಮೆ ನಕ್ಕರು. ಹೀಗೆ ಇಪ್ಪತ್ತೆಂಟನೇ ವಯಸ್ಸಿಗೆ ಗಿಲ್ಬರ್ಟ್ ಸಾಹೇಬರು ಮಾಜಿ ಆದರು. ಮುಂದೆ ಇಂಗ್ಲೆಂಡಿನ ಒಂದು ಬೋರ್ಡಿಂಗ್ ಶಾಲೆಯ ಆಫೀಸಿನಲ್ಲಿ ಮೂವತ್ತು ವರ್ಷ. ಹೆಂಡತಿ ತೀರಿಕೊಂಡ ಮೇಲೆ ಮಗಳು ಹೆಲೆನ್ ಕರೆದಳೆಂದು ನ್ಯೂಜೆರ್ಸಿಗೆ ಬಂದರು. ಹೆಲೆನ್ ಮನೆ ಕೆಂಡಲ್ ಪಾರ್ಕಿನಲ್ಲಿ, ಹದಿನೈದು ನಿಮಿಷದ ದಾರಿ. ಅವಳ ಮನೆಯಲ್ಲಿ ಇರಲು ಮಾತ್ರ ಒಪ್ಪಲಿಲ್ಲ. ತಮ್ಮ ಬಾಗಿಲು, ತಮ್ಮ ಕೀಲಿಕೈ, ತಮ್ಮ ಚಹಾ ಬೇಕೇ ಬೇಕು ಎಂದು ಹಟ ಹಿಡಿದು ಪ್ಲೇನ್ಸ್‌ಬರೋದಲ್ಲಿ ಬೇರೆ ಮನೆ ಮಾಡಿದ್ದರು.

ಆ ಬೇಸಿಗೆ ಇಬ್ಬರದೂ ಒಂದೇ ಬೆಂಚು. ಒಬ್ಬರು ಸಾಮ್ರಾಜ್ಯ ನಡೆಸಿದವರು, ಇನ್ನೊಬ್ಬರು ಆ ಸಾಮ್ರಾಜ್ಯ ಬಿಟ್ಟುಹೋದ ಫಾರಮುಗಳನ್ನು ತುಂಬಿದವರು. ಶತ್ರುಗಳಾಗಬೇಕಿತ್ತು, ಬೀಗರ ಹಾಗೆ ಮಾತಾಡುತ್ತಿದ್ದರು. ಕ್ಯಾಂಪು, ಡೇರೆ, ಕೆಟ್ಟ ಜೀಪು, ಮೇಲಧಿಕಾರಿಯ ಮೂರ್ಖತನ. ನನ್ನ ಮಗಳು ಇತಿಹಾಸದ ಪುಸ್ತಕ ಹಿಡಿದುಕೊಂಡು ಬಂದು "ಅಜ್ಜಾ, ಯು ಶುಡ್ ಬಿ ಆ್ಯಂಗ್ರಿ ವಿದ್ ಹಿಮ್" ಎಂದಳು. ಅಪ್ಪ ಸಿಟ್ಟು ತಂದುಕೊಳ್ಳಲು ಒಂದು ದಿನ ಪ್ರಯತ್ನವನ್ನೂ ಪಟ್ಟರು. ಮರುದಿನ ಮಳೆ ಬಂತು, ಅಳೆಯಲು ಹೋದರು.

ಒಮ್ಮೆ ಇಬ್ಬರನ್ನೂ ಟ್ರೈನಿನಲ್ಲಿ ಫ್ಲಶಿಂಗಿನ ಗಣೇಶನ ಗುಡಿಗೆ ಕರೆದುಕೊಂಡು ಹೋಗಿದ್ದೆ. ಕೆಳಗಿನ ಕ್ಯಾಂಟೀನಿನಲ್ಲಿ ಭಾನುವಾರದ ರಶ್. ನಾನು ದೋಸೆ ತರುವಷ್ಟರಲ್ಲಿ ಗಿಲ್ಬರ್ಟ್ ಸಾಹೇಬರು ಎದ್ದು ನಿಂತು ಜನರನ್ನೆಲ್ಲ ಎರಡು ಸಾಲು ಮಾಡಿಸಿದ್ದರು. ಅಪ್ಪ ಎರಡನೇ ಸಾಲಿನ ಮೇಲ್ವಿಚಾರಣೆ ನೋಡುತ್ತಿದ್ದರು. ನಮ್ಮ ಜನ, ನಾಚಿಕೆಗೇಡು, ಬಿಳಿ ಮುದುಕ ಹೇಳಿದನೆಂದು ತುಟಿ ಪಿಟಕ್ ಅನ್ನದೆ ಸಾಲಾಗಿ ನಿಂತರು. ನಾನೂ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ!

ಹೆಲೆನ್ ನನಗೆ ಫೋನ್ ಮಾಡಿದ್ದು ಸೆಪ್ಟೆಂಬರಿನಲ್ಲಿ. ತನ್ನ ಅಪ್ಪನ ವಿಷಯದಲ್ಲಿ ಅವಳು ಹಂತ ಹಂತವಾಗಿ ಹೋಗುತ್ತಿದ್ದಳು. ಮೊದಲು ಕತ್ತಲಾದ ಮೇಲೆ ಡ್ರೈವ್ ಮಾಡಬೇಡ ಅಂದಳು. ಆಮೇಲೆ ರೂಟ್ ಒನ್ ಹೆದ್ದಾರಿ ಹತ್ತಬೇಡ, ಆಮೇಲೆ ಕೆಂಡಲ್ ಪಾರ್ಕಿಗೆ ಮಾತ್ರ ಬಾ. ಈಗ ಮನೆಯೇ ಬಿಡುವ ಹಂತ ಬಂದಿತ್ತು. ನೋಡಿಕೊಳ್ಳುವವರಿರುವ ಒಂದು ಅಸಿಸ್ಟೆಡ್ ಲಿವಿಂಗಿನಲ್ಲಿ ರೂಮು ಖಾಲಿಯಾಗಿದೆ, ಈ ವಾರ ಹೂಂ ಅನ್ನಬೇಕು ಎಂದಳು. "ನೀವು ದಿನಾ ನೋಡ್ತೀರಿ. ಒಬ್ಬರೇ ಇರಬಲ್ಲರಾ, ಇಲ್ಲವಾ? ನಾಲ್ಕು ಸಾಲು ಬರೆದುಕೊಡಿ. ಇರಬಲ್ಲರು ಅಂತ ನೀವು ಹೇಳಿದರೆ ಇನ್ನೊಂದು ವರ್ಷ ನಾನು ಈ ಮಾತೇ ಎತ್ತಲ್ಲ."

ಫೋನಿಟ್ಟ ಮೇಲೆ ನನಗೆ ಬಂದದ್ದು ದುಃಖ ಅಲ್ಲ. ಒಪ್ಪಿಕೊಂಡುಬಿಡುತ್ತೇನೆ, ಜಂಬ ಬಂತು. ಒಬ್ಬ ಇಂಗ್ಲಿಷಿನವನು ಸ್ವಯಮಾಡಳಿತಕ್ಕೆ ಯೋಗ್ಯನೇ ಎಂದು ಧಾರವಾಡದ ಪಾಟೀಲರ ಮಗಳು ಬರೆದುಕೊಡಬೇಕು! ಅರ್ಧ ಗಂಟೆ ಆ ಜಿಲ್ಲಾ ಅಧಿಕಾರಿಯ ಕುರ್ಚಿಯಲ್ಲಿ ಕೂತವಳ ಹಾಗೆ ಸುಖಪಟ್ಟೆ. ಆಮೇಲೆ ಅವರ ಬಾಗಿಲು, ಕೀಲಿಕೈ, ಚಹಾ ಎಲ್ಲ ನೆನಪಾದವು. 'ಆರಾಮಾಗಿದ್ದಾರೆ, ಏನೂ ತೊಂದರೆ ಇಲ್ಲ' ಎಂದು ಟೈಪ್ ಮಾಡಿ ಕಳಿಸುವುದರಲ್ಲಿದ್ದೆ. ಅಷ್ಟರಲ್ಲಿ ಅಪ್ಪ ಹೆಗಲ ಮೇಲಿಂದ ಬಗ್ಗಿ ನೋಡಿದರು.

"ಸ್ಥಳಕ್ಕ ಹೋಗದ ರಿಪೋರ್ಟ್ ಬರೀತೀಯೇನ?"

"ಅಪ್ಪಾ, ಇದು ಬರೀ ಇಮೇಲ್ ರೀ."

"ಮನಿಷ್ಯಾನ ಮನಿ ಹೋಗೂದೈತಿ, ಇಮೇಲ್ ಅಂತೀಯಲ್ಲ! ಪಂಚನಾಮೆ ಆಗಬೇಕು." ಕಾರ್ಬನ್ ಪೇಪರ್ ಹೊರಗೆ ಬಂತು.

ಇದನ್ನು ಕೇಳಿ ಗಿಲ್ಬರ್ಟ್ ಸಾಹೇಬರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ಕೋಟು ಹಾಕಿಕೊಂಡು ತಯಾರಾಗಿ ನಿಂತಿದ್ದರು. ತಪಾಸಣೆ ಎಂದರೆ ಅವರಿಗೆ ಹಬ್ಬ. ಸಾಕ್ಷಿಗೆ ಇಬ್ಬರು ಪಂಚರು ಬೇಕು ಎಂದು ಅಪ್ಪ ಹಟ ಹಿಡಿದದ್ದರಿಂದ ನನ್ನ ಗಂಡನೂ ಮೀಟಿಂಗನ್ನು ಮ್ಯೂಟ್ ಮಾಡಿ, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಬಂದ.

ಅಡುಗೆಮನೆಗೆ ಕಾಲಿಟ್ಟವರು ನಾವು ನಾಲ್ವರೂ ನಿಂತುಬಿಟ್ಟೆವು. ಎಲೆಕ್ಟ್ರಿಕ್ ಒಲೆಯ ಒಂದು ಸುರುಳಿ ಕೆಂಪಗೆ ಕಾದು ಉರಿಯುತ್ತಿತ್ತು. ಮೇಲೆ ಪಾತ್ರೆ ಇಲ್ಲ, ಏನಿಲ್ಲ. ಚಹಾದ ಕೆಟಲ್ ಮಾತ್ರ ಬಾತ್‌ರೂಮಿನ ಕಟ್ಟೆಯ ಮೇಲೆ ಸಿಕ್ಕಿತು. ವಾರದ ಮಾತ್ರೆ ಡಬ್ಬಿಯಲ್ಲಿ ಸೋಮವಾರದ್ದು ಹಾಗೇ ಇತ್ತು, ಇನ್ನೂ ಬಾರದ ಶುಕ್ರವಾರದ್ದು ಖಾಲಿ. ಫ್ರೀಜರಿನಲ್ಲಿ ಬಟಾಣಿ ಪ್ಯಾಕೆಟ್ಟಿನ ಪಕ್ಕ ಕನ್ನಡಕ. ಅಪ್ಪ ಒಂದೊಂದಕ್ಕೂ ನಂಬರು ಹಾಕಿ ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಬರೆಯುತ್ತಾ ಹೋದರು.

ನಾನು ಕಿವಿಯಲ್ಲಿ ಪಿಸುಗುಟ್ಟಿದೆ. "ಅಪ್ಪಾ, ಒಲಿದೊಂದು ಬಿಟ್ಟುಬಿಡ್ರಿ. ಕೈಮುಗೀತೀನಿ."

"ಕಂಡದ್ದನ್ನ ಕಂಡಂಗ ಬರೀಬೇಕವಾ. ಒಂದು ಬರದು ಒಂದು ಬಿಟ್ರ ಅದು ಪಂಚನಾಮೆ ಅಲ್ಲ, ಲಗ್ನಪತ್ರಿಕಿ. ನೀ ಅಂಜಬ್ಯಾಡ, ಕಡೀ ಪ್ಯಾರಾ ನನ್ನ ಕೈಯಾಗ ಐತಿ."

ಅದು ಅಪ್ಪನ ಇಡೀ ಸರ್ವೀಸಿನ ಗುಟ್ಟು. ಮೇಲಿನವರು ಕೊನೆಯ ಪ್ಯಾರಾ ಬಿಟ್ಟು ಏನನ್ನೂ ಓದುವುದಿಲ್ಲ. ಆದ್ದರಿಂದ ಮೇಲೆ ಎಲ್ಲಾ ಸತ್ಯ ಬರೆದು ಕೊನೆಗೆ ಬೇಕಾದ ಅಭಿಪ್ರಾಯ ಕೊಟ್ಟರೆ ಧರ್ಮವೂ ಉಳಿಯಿತು, ಮನುಷ್ಯನೂ ಉಳಿದ. ಎಷ್ಟೋ ತಲಾಠಿಗಳನ್ನು, ಮಾಸ್ತರರನ್ನು ಅವರು ಹೀಗೇ ಉಳಿಸಿದ್ದರು. ಎಂಟು ಅಂಶಗಳಾದ ಮೇಲೆ ದುಂಡು ಅಕ್ಷರದಲ್ಲಿ ಬರೆದರು, 'ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ, ಸದರಿಯವರನ್ನು ಹಾಲಿ ಸ್ಥಳದಲ್ಲಿಯೇ ಮುಂದುವರಿಸಬಹುದೆಂದು ಶಿಫಾರಸು ಮಾಡಿದೆ.'

ಗಿಲ್ಬರ್ಟ್ ಸಾಹೇಬರು ಕರಡನ್ನು ಓದಲು ಕೇಳಿದರು. ಫ್ರೀಜರಿನ ಕನ್ನಡಕವನ್ನೇ ಒರೆಸಿ ಹಾಕಿಕೊಂಡರು. ಕೆಂಪು ಪೆನ್ನು ತೆಗೆದು 'ಒಲೆಯು ಉರಿಯುವ ಸ್ಥಿತಿಯಲ್ಲಿ ಕಂಡುಬಂದಿತು' ಎಂಬುದನ್ನು ಹೊಡೆದು 'ಒಲೆ ಉರಿಯುತ್ತಿತ್ತು, ಹತ್ತಿರ ಯಾರೂ ಇರಲಿಲ್ಲ' ಎಂದು ಮಾಡಿದರು. ಎರಡು ಕಡೆ ಕಾಮಾ ಹಾಕಿದರು. ಆಮೇಲೆ ತಮ್ಮ ಕೈಯಿಂದಲೇ ಒಂಬತ್ತನೇ ಅಂಶ ಸೇರಿಸಿದರು. ಈ ತಿಂಗಳಲ್ಲಿ ಎರಡು ಸಲ ಕೆಂಡಲ್ ಪಾರ್ಕಿನಿಂದ ಹಿಂತಿರುಗುವಾಗ ನಿವಾಸಿಗೆ ಮನೆಯ ದಾರಿ ನೆನಪಾಗಲಿಲ್ಲ.

ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಗಂಡ ಇಯರ್‌ಫೋನ್ ತೆಗೆದ.

"ಸಾರ್, ಇದನ್ನು ಯಾಕೆ ಬರೆದಿರಿ?" ಎಂದೆ.

"ಅರ್ಧ ರಿಪೋರ್ಟಿಗೆ ನಾನು ಸಹಿ ಹಾಕೋದಿಲ್ಲ," ಎಂದರು. ಆಮೇಲೆ ಅಪ್ಪನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಮಿಸ್ಟರ್ ಪಾಟೀಲ್ ಕೊನೆಯ ಪ್ಯಾರಾ ಚೆನ್ನಾಗಿ ಬರೆದಿದ್ದಾರೆ. ಮೇಲಿನದನ್ನು ಯಾರು ಓದ್ತಾರೆ?" ಇಬ್ಬರೂ ನಕ್ಕರು. ಅಪ್ಪ ಶುದ್ಧಪ್ರತಿ ಮಾಡಿದರು, ಒಂಬತ್ತನೆಯದನ್ನು ಅಲ್ಲೂ ಸಾಹೇಬರೇ ಬರೆದರು. ಮೂರು ಪ್ರತಿ, ನಾಲ್ಕು ಸಹಿ. ಅಂಥ ಅಚ್ಚುಕಟ್ಟಾದ ಕಾಗದ ನಾನು ನೋಡಿಲ್ಲ.

ಹೆಲೆನ್ ಸಂಜೆ ಆಫೀಸಿನಿಂದ ನೇರ ಬಂದಳು. ಇಬ್ಬರು ಮುದುಕರೂ ಲೆಕ್ಕಕ್ಕೆ ಹಿಡಿಯದಿದ್ದ ಸಂಗತಿ ಒಂದೇ. ಹೆಲೆನ್ ಮೊದಲ ಸಾಲಿನಿಂದ ಓದಿದಳು. ನಿಂತೇ ಓದಿದಳು. ಒಲೆಯ ಹತ್ತಿರ ಬಂದಾಗ ಬ್ಯಾಗು ಕೆಳಗಿಟ್ಟಳು. ಒಂಬತ್ತಕ್ಕೆ ಬಂದಾಗ ತನ್ನ ಅಪ್ಪನ ಅಕ್ಷರದ ಗುರುತು ಹತ್ತಿ ಅಲ್ಲೇ ನಿಂತಳು. "ಎರಡು ಸಲವಾ, ಡ್ಯಾಡಿ?" ಎಂದಳು. ಕೊನೆಯ ಪ್ಯಾರಾದವರೆಗೆ ಅವಳು ಹೋಗಲೇ ಇಲ್ಲ. ನಮ್ಮಪ್ಪ ಬೆರಳಿಟ್ಟು ತೋರಿಸಿದರು, "ಮೇಡಮ್, ಲಾಸ್ಟ್ ಪ್ಯಾರಾ, ಕೈಂಡ್ಲಿ ಸೀ," ಎಂದರು. ಅವಳು ನಮ್ಮಪ್ಪನ ಕೈ ಹಿಡಿದು ಥ್ಯಾಂಕ್ಯೂ ಎಂದು ಅತ್ತುಬಿಟ್ಟಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಎರಡು ವಾರದಲ್ಲಿ ಪೆಟ್ಟಿಗೆಗಳು ಬಂದವು. ಅಪ್ಪ ಅನ್ನ ಬಿಟ್ಟವರ ಹಾಗೆ ಆಗಿದ್ದರು. ಸಾಹೇಬರು ಹೊರಡುವ ಹಿಂದಿನ ದಿನ ನನ್ನನ್ನು ಕರೆದುಕೊಂಡು ಹೋಗಿ, ಅವರ ಖಾಲಿ ಮನೆಯಲ್ಲಿ ನಿಂತು, "ನನ್ನಿಂದ ನಿಮ್ಮ ಮನಿ ಹೋತ್ರೀ ಸಾಹೇಬ್ರ," ಎಂದರು. ಇಂಗ್ಲಿಷು ಮರೆತೇ ಹೋಗಿತ್ತು. ನಾನು ಅನುವಾದ ಮಾಡಿದೆ.

ಗಿಲ್ಬರ್ಟ್ ಸಾಹೇಬರು ಪೆಟ್ಟಿಗೆಯೊಂದರ ಮೇಲೆ ಕೂತು, ಇನ್ನೊಂದನ್ನು ಅಪ್ಪನ ಕಡೆ ಸರಿಸಿದರು. ಟಾಂಗನೀಕಾ ಬಿಡುವ ಮುಂಚೆ ಕೊನೆಯ ಮೂರು ದಿನ ತಾವು ಮಾಡಿದ್ದು ಒಂದೇ ಕೆಲಸ ಎಂದರು. ಕಚೇರಿಯ ಹಿಂದೆ ಡ್ರಮ್ಮಿನಲ್ಲಿ ಫೈಲು ಸುಡುವುದು. ಊರಿನ ಪ್ರತಿಯೊಬ್ಬ ದೊಡ್ಡ ಮನುಷ್ಯನ ಬಗ್ಗೆ, ಪ್ರತಿಯೊಬ್ಬ ಮಾಸ್ತರನ ಬಗ್ಗೆ, ಆ ಹೆಡ್ ಕ್ಲಾರ್ಕಿನ ಬಗ್ಗೆ ಕೂಡ, ಇವರು ಯೋಗ್ಯರು, ಇವರಲ್ಲ ಎಂದು ಅವರೇ ಬರೆದದ್ದು. ಹೊಸಬರ ಕೈಗೆ ಸಿಗಬಾರದೆಂದು ಮೇಲಿನಿಂದ ಆದೇಶ. ಹೆಡ್ ಕ್ಲಾರ್ಕ್ ಪಕ್ಕದಲ್ಲೇ ನಿಂತು, ಬೆಂಕಿ ಆರದ ಹಾಗೆ ಕೋಲಿನಿಂದ ಕೆದಕಿಕೊಟ್ಟನಂತೆ. ತನ್ನ ಫೈಲು ಹೋದದ್ದೂ ಅವನಿಗೆ ಗೊತ್ತಿತ್ತು ಅನ್ನಿಸುತ್ತದೆ ಎಂದರು.

"ನನ್ನದನ್ನು ನನಗೆ ಓದಲು ಕೊಟ್ಟಿರಿ, ಮಿಸ್ಟರ್ ಪಾಟೀಲ್. ಕಾಮಾ ಹಾಕಲೂ ಬಿಟ್ಟಿರಿ. ನಾನು ಯಾರಿಗೂ ಅಷ್ಟು ಮಾಡಲಿಲ್ಲ."

ಅಪ್ಪ ಆ ಪೆಟ್ಟಿಗೆಯ ಮೇಲೆ ಮೆಲ್ಲಗೆ ಕೂತರು. ತಾವು ಬರೆದು ಮೇಲಕ್ಕೆ ಕಳಿಸಿದ ಗುಪ್ತ ವರದಿಗಳೆಲ್ಲ ನೆನಪಾಗುತ್ತಿದ್ದಿರಬೇಕು.

ಸಾಹೇಬರು ಹೋದ ಮೇಲಿನ ಮೊದಲ ಭಾನುವಾರ. ಬೆಳಿಗ್ಗೆ ನಾನು ಎಂದಿನಂತೆ ಕಾರಿನ ಕೀಲಿ ತೆಗೆದುಕೊಂಡು ಹೊರಟೆ. ಭಾನುವಾರ ಬೆಳಿಗ್ಗೆ ನಾನು ಹಾಲು ತರಲು ಹೋಗುವುದಲ್ಲ. ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಹುಬ್ಬಳ್ಳಿಯ ತಮ್ಮನಿಗೆ ಫೋನ್ ಮಾಡುವುದು. ಅಪ್ಪ ಮೊನ್ನೆ ಎಡವಿದರು, ಒಲೆ ಆರಿಸುವುದು ಮರೆತರು, ವೀಸಾ ಮುಗಿದ ಮೇಲೆ ಅವರನ್ನು ಎಲ್ಲಿ ಇಡುವುದು, ಅವ್ವ ಇಲ್ಲದ ಧಾರವಾಡದ ಮನೆಯಲ್ಲಿ ಒಬ್ಬರನ್ನೇ ಬಿಡಲಾದೀತೆ. ಹೌದು, 'ಇಡುವುದು' ಎಂದೇ ನಾವು ಮಾತಾಡುತ್ತಿದ್ದದ್ದು, ಹಳೆಯ ಸೋಫಾದ ವಿಷಯ ಮಾತಾಡುವ ಹಾಗೆ.

ಅಪ್ಪ ಊಟದ ಟೇಬಲ್ಲಿನ ಹತ್ತಿರ ಕೂತಿದ್ದರು. "ಹೊರಗ ಥಂಡಿ ಐತಿ, ಕಾರಿನ್ಯಾಗ ಯಾಕ ಕೂಡ್ತಿ," ಎಂದರು.

ನಾನು ಬಾಗಿಲ ಹತ್ತಿರವೇ ನಿಂತೆ.

"ನೀನೂ ನಿನ್ನ ತಮ್ಮನೂ ಐತವಾರಕ್ಕೊಮ್ಮೆ ನನ್ನ ಮ್ಯಾಲೆ ಒಂದು ಫೈಲು ನಡಸ್ಲಿಕ್ಹತ್ತೀರಲ್ಲ, ನನಗ ಅದು ಗೊತ್ತೈತಿ. ಸಿಟ್ಟಿಲ್ಲವಾ. ನನಗೂ ಒಮ್ಮೆ ತೋರ್ಸು. ತಪ್ಪಿದ್ರ ತಿದ್ದಿ ಕೊಡ್ತೀನಿ. ನಿಮಗ ಗೊತ್ತಿಲ್ಲದ್ದು ನಾಕು ಅದಾವು, ಕೂಡಿಸ್ತೀನಿ."

ನನಗೆ ಅಳು ಬಂತು, ನಾಚಿಕೆಯೂ ಬಂತು. ಕೀಲಿಕೈ ಮೊಳೆಗೆ ಹಾಕಿ ಬಂದು ಅಪ್ಪನ ಎದುರಿಗೆ ಕೂತೆ. ತಮ್ಮನ ನಂಬರು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ ಇಬ್ಬರ ನಡುವೆ ಇಟ್ಟೆ. ಆ ಕಡೆ ರಿಂಗಾಗುತ್ತಿತ್ತು. ಅಪ್ಪ ಕನ್ನಡಕ ಹಾಕಿಕೊಂಡರು.